ಹೆಸರು ಬರೆದು ಬಂದ ಓಲೆ: ಮಾಂತ್ರಿಕ ಶಾಲೆಯ ಕಥೆಗಳು ಮತ್ತು ನಮ್ಮ ಮಕ್ಕಳು

ಸಂಘದ ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಗೆ ಮಕ್ಕಳ ಸಾಹಿತ್ಯವನ್ನು ಕುರಿತು ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಪಂಜೆ ಮಂಗೇಶರಾಯರನ್ನು ಕುರಿತೋ ಶಿವರಾಮ ಕಾರಂತರ ‘ಬಾಲಪ್ರಪಂಚ’ವನ್ನು ಕುರಿತೋ ಬರೆಯುವುದು ನಮಗೆ ಸುಲಭವಾಗಿತ್ತು. ಅದು ನಾವು ನಡೆದು ಬಲ್ಲ ದಾರಿ. ಆದರೆ ಇಂದು ನಮ್ಮ ಮನೆಗಳ ಮಕ್ಕಳು ಊಟದ ಹೊತ್ತನ್ನು ಮರೆತು ಓದುತ್ತಿರುವುದು ಬೇರೆಯದೇ ಆದ ಒಂದು ಬಗೆಯ ಪುಸ್ತಕವನ್ನು. ಮಂತ್ರವಿದ್ಯೆಯನ್ನು ಕಲಿಸುವ ಶಾಲೆ, ಅಲ್ಲಿಗೆ ಹೋಗುವ ಹುಡುಗ ಹುಡುಗಿಯರು, ಅವರ ಗೆಳೆತನ, ಜಗಳ, ಸಾಹಸ — ಇವೇ ಆ ಪುಸ್ತಕಗಳ ವಸ್ತು. ಅವನ್ನು ಓದದೆಯೇ ನಿಂದಿಸುವ ಹಿರಿಯರು ನಮ್ಮಲ್ಲಿ ಬಹಳ ಮಂದಿ. ಆ ಸಾಲಿನಲ್ಲಿ ನಾವೂ ಬಹುಕಾಲ ನಿಂತಿದ್ದೆವು. ಆದುದರಿಂದ ಒಂದು ತಪ್ಪೊಪ್ಪಿಗೆಯಿಂದ ಆರಂಭಿಸುವುದೇ ನ್ಯಾಯ.

ನಮ್ಮ ನಿವೃತ್ತಿಗೆ ಮೂರು ವರ್ಷ ಉಳಿದಿದ್ದಾಗಿನ ಮಾತು. ಏಳನೆಯ ತರಗತಿಯಲ್ಲಿ ಸಮಾಜ ಪಾಠ ನಡೆಯುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಪಠ್ಯಪುಸ್ತಕದ ಮರೆಯಲ್ಲಿ ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದನ್ನು ಇಟ್ಟುಕೊಂಡು ಓದುತ್ತಿದ್ದ. ಹ್ಯಾರಿ ಪಾಟರ್ ಕಥೆಯ ಪುಸ್ತಕ. ಮಂಗಳೂರಿನಲ್ಲಿರುವ ದೊಡ್ಡಮ್ಮನ ಮಗನಿಂದ ಎರವಲು ತಂದುದಂತೆ. ನಾವು ಅದನ್ನು ತೆಗೆದುಕೊಂಡು ಕಚೇರಿಯ ಕಪಾಟಿನಲ್ಲಿಟ್ಟು ಬೀಗ ಹಾಕಿದೆವು. ಮಾರ್ಚ್ ತಿಂಗಳಲ್ಲಿ ಶಾಲೆ ಮುಚ್ಚುವ ದಿನ ಮರಳಿಸಲೆಂದು ಹೊರತೆಗೆದಾಗ ಪುಟಗಳ ನಡುವಿನಿಂದ ಕೆಲವು ಚೀಟಿಗಳು ಕೆಳಗೆ ಬಿದ್ದವು. ಒಂದೊಂದರಲ್ಲೂ ಕಠಿಣವಾದ ಇಂಗ್ಲಿಷ್ ಪದಗಳು, ಅವುಗಳ ಎದುರಿಗೆ ಕನ್ನಡದ ಅರ್ಥ. ಇಂಗ್ಲಿಷ್ ತರಗತಿಯಲ್ಲಿ ಎಂದೂ ಬಾಯಿ ಬಿಡದ ಹುಡುಗ ಅವನು. ಅವನಿಗೆ ಇಂಗ್ಲಿಷಿನಲ್ಲಿ ಆಸಕ್ತಿಯಿಲ್ಲವೆಂದು ಅವನ ತಂದೆಯವರನ್ನು ಕರೆಸಿ ನಾವೇ ಹೇಳಿದ್ದೆವು. ಪುಸ್ತಕವನ್ನು ಕೈಯಲ್ಲಿ ಹಿಡಿದುಕೊಂಡು ಹುಡುಗ ಕೇಳಿದ: “ಮಾಷ್ಟ್ರೇ, ನೀವು ಇದನ್ನು ಓದಿದಿರಾ?” ಇಲ್ಲವೆಂದೆವು. ಅವನು ಮತ್ತೇನನ್ನೂ ಹೇಳದೆ ನಮಸ್ಕರಿಸಿ ಹೋದ.

ಅದನ್ನು ಓದುವ ಯೋಗ ನಮಗೆ ಒದಗಿದುದು 2020ರಲ್ಲಿ. ಸಾಂಕ್ರಾಮಿಕದ ಭಯದಿಂದ ಶಾಲೆಗಳು ಮುಚ್ಚಿದ್ದವು, ತಲಪಾಡಿಯಲ್ಲಿ ಗಡಿಯ ರಸ್ತೆಯೂ ಮುಚ್ಚಿತ್ತು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿದ್ದ ನಮಗೆ ಸಣ್ಣ ಅಕ್ಷರ ಓದಲು ತ್ರಾಸ. ಆರನೆಯ ತರಗತಿಯ ಮೊಮ್ಮಗಳು ದಿನಕ್ಕೊಂದು ಅಧ್ಯಾಯದಂತೆ ಗಟ್ಟಿಯಾಗಿ ಓದಿದಳು. ಓದುವುದು ಇಂಗ್ಲಿಷಿನಲ್ಲಿ, “ಅಜ್ಜ, ಈಗ ಏನಾಯಿತು ಗೊತ್ತುಂಟಾ?” ಎಂದು ವಿವರಿಸುವುದು ಕನ್ನಡದಲ್ಲಿ. ಅವಳು ಕಲಿಯುತ್ತಿರುವುದು ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ. ಕನ್ನಡ ಶಾಲೆಯಲ್ಲಿ ಮೂರು ದಶಕ ದುಡಿದ ನಮ್ಮ ಮನೆಯ ಸ್ಥಿತಿಯೂ ಇದೇ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಏಳು ಸಂಪುಟಗಳು ಮುಗಿಯುವಷ್ಟರಲ್ಲಿ ಈ ಕಥೆಗಳನ್ನು ಕುರಿತು ನಮ್ಮಲ್ಲಿದ್ದ ತಾತ್ಸಾರ ಉಳಿಯಲಿಲ್ಲ. ಅದರ ಜಾಗದಲ್ಲಿ ಕೆಲವು ಪ್ರಶ್ನೆಗಳು ಉಳಿದವು. ಅವುಗಳನ್ನೇ ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಮೊದಲು ಈ ಪ್ರಕಾರದ ಹುಟ್ಟನ್ನು ಸ್ವಲ್ಪ ಗಮನಿಸೋಣ. ಇಂಗ್ಲೆಂಡಿನಲ್ಲಿ ವಸತಿಶಾಲೆಯ ಕಥೆ ಎಂಬುದು ಮಕ್ಕಳ ಸಾಹಿತ್ಯದ ಹಳೆಯ ಕವಲು. ಥಾಮಸ್ ಹ್ಯೂಸ್ 1857ರಲ್ಲಿ ಪ್ರಕಟಿಸಿದ ‘ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್’ ರಗ್ಬಿ ಎಂಬ ಶಾಲೆಯನ್ನೂ ಅದರ ಮುಖ್ಯೋಪಾಧ್ಯಾಯ ಥಾಮಸ್ ಆರ್ನಾಲ್ಡರನ್ನೂ ಓದುಗರ ಮನಸ್ಸಿನಲ್ಲಿ ನಿಲ್ಲಿಸಿತು. ಮನೆ ಬಿಟ್ಟು ಬರುವ ಹುಡುಗ, ಪೀಡಿಸುವ ಹಿರಿಯ ವಿದ್ಯಾರ್ಥಿ, ಕೈಹಿಡಿಯುವ ಗೆಳೆಯ, ಮೈದಾನದ ಆಟ, ದೂರದಲ್ಲಿ ನಿಂತು ಎಲ್ಲವನ್ನೂ ಬಲ್ಲ ಮುಖ್ಯೋಪಾಧ್ಯಾಯ — ಈ ಚೌಕಟ್ಟು ಅಲ್ಲಿಂದ ಬೆಳೆಯಿತು. 1940ರ ದಶಕದಲ್ಲಿ ಎನಿಡ್ ಬ್ಲೈಟನ್ ಹುಡುಗಿಯರ ಶಾಲೆಯ ಕಥೆಗಳನ್ನು ಬರೆದು ಅದನ್ನು ಮನೆಮನೆಗೆ ತಲುಪಿಸಿದರು. ಈ ಚೌಕಟ್ಟಿನೊಳಕ್ಕೆ ಮಂತ್ರವಿದ್ಯೆಯನ್ನು ತಂದವರಲ್ಲಿ ಇಬ್ಬರನ್ನು ಮುಖ್ಯವಾಗಿ ನೆನೆಯಬೇಕು. ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ 1968ರಲ್ಲಿ ‘ಎ ವಿಜರ್ಡ್ ಆಫ್ ಅರ್ಥ್‌ಸೀ’ ಎಂಬ ಕಾದಂಬರಿಯಲ್ಲಿ ರೋಕ್ ಎಂಬ ದ್ವೀಪದ ಮಾಂತ್ರಿಕ ವಿದ್ಯಾಲಯವನ್ನು ಕಟ್ಟಿದರು. ಇಂಗ್ಲೆಂಡಿನ ಜಿಲ್ ಮರ್ಫಿ 1974ರಲ್ಲಿ ‘ದಿ ವರ್ಸ್ಟ್ ವಿಚ್’ ಎಂಬ ಪುಟ್ಟ ಪುಸ್ತಕದಲ್ಲಿ ಮಾಟಗಾತಿಯರ ಶಾಲೆಯ ಅತ್ಯಂತ ದಡ್ಡ ವಿದ್ಯಾರ್ಥಿನಿಯ ಕಥೆ ಹೇಳಿದರು. ಆ ಶಾಲೆಯಲ್ಲಿ ಎಲ್ಲ ಹುಡುಗಿಯರಿಗೂ ಕಪ್ಪು ಬೆಕ್ಕಿನ ಮರಿ ಸಿಗುತ್ತದೆ, ಮಿಲ್ಡ್ರೆಡ್ ಎಂಬ ಈ ಹುಡುಗಿಗೆ ಮಾತ್ರ ಪಟ್ಟೆಯ ಬೆಕ್ಕು. ಎಲ್ಲರಂತೆ ಆಗಲಾರದ ಮಗುವಿನ ಸಂಕಟವನ್ನು ಇದಕ್ಕಿಂತ ಹಗುರವಾಗಿಯೂ ಸರಿಯಾಗಿಯೂ ಹೇಳುವುದು ಕಷ್ಟ.

ಜೆ. ಕೆ. ರೌಲಿಂಗ್ ಅವರ ಮೊದಲ ಪುಸ್ತಕ ಲಂಡನ್ನಿನಲ್ಲಿ ಪ್ರಕಟವಾದುದು 1997ರ ಜೂನ್ 26ರಂದು. ಅದಕ್ಕೆ ಮೊದಲು ಹಲವು ಪ್ರಕಾಶಕರು ಹಸ್ತಪ್ರತಿಯನ್ನು ಹಿಂದಿರುಗಿಸಿದ್ದರು. ಗಟ್ಟಿರಟ್ಟಿನ ಮೊದಲ ಮುದ್ರಣ 500 ಪ್ರತಿಗಳಷ್ಟೇ. 2007ರ ಜುಲೈ 21ರಂದು ಏಳನೆಯ ಸಂಪುಟ ಬರುವ ವೇಳೆಗೆ ಲೋಕದ ಮಕ್ಕಳು ಅಂಗಡಿಗಳ ಮುಂದೆ ಮಧ್ಯರಾತ್ರಿಯ ವರೆಗೆ ಕಾದು ನಿಲ್ಲುವಂತಾಗಿತ್ತು. ಇಂದು ಆ ಕಥೆ 80ಕ್ಕೂ ಹೆಚ್ಚು ಭಾಷೆಗಳಲ್ಲಿದೆ. ಹಿಂದಿ, ಮರಾಠಿ, ಮಲಯಾಳಂ ಭಾಷೆಗಳಲ್ಲೂ ಅದನ್ನು ಓದಬಹುದು. ಇಷ್ಟು ದೊಡ್ಡ ಆಕರ್ಷಣೆಗೆ ಪ್ರಚಾರವೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವುದು ವಿಮರ್ಶೆಯಲ್ಲ. ಪ್ರಚಾರ ಪುಸ್ತಕವನ್ನು ಕೊಳ್ಳುವಂತೆ ಮಾಡಬಲ್ಲದು. ಚೀಟಿಯಲ್ಲಿ ಅರ್ಥ ಬರೆದುಕೊಂಡು ಓದುವಂತೆ ಮಾಡಲಾರದು.

ಹಾಗಾದರೆ ಮಕ್ಕಳನ್ನು ಹಿಡಿದು ನಿಲ್ಲಿಸುವುದು ಯಾವುದು? ಹಾರುವ ಪೊರಕೆ, ಮಾತನಾಡುವ ಟೊಪ್ಪಿ, ಮಂತ್ರದಂಡ ಎಂದು ಹೊರಗಿನವರು ಹೇಳುತ್ತಾರೆ. ನಮ್ಮ ಓದಿಗೆ ಕಂಡುದು ಬೇರೆ. ಇದರ ಜೀವ ಇರುವುದು ಒಂದು ಓಲೆಯಲ್ಲಿ. ತಂದೆ ತಾಯಿ ಇಲ್ಲದ ಹ್ಯಾರಿ ಚಿಕ್ಕಮ್ಮನ ಅಲ್ಲ, ತಾಯಿಯ ಅಕ್ಕನ ಮನೆಯಲ್ಲಿ, ಮೆಟ್ಟಿಲ ಕೆಳಗಿನ ಕತ್ತಲೆಯ ಗೂಡಿನಲ್ಲಿ ಮಲಗುತ್ತಾನೆ. ಆ ಮನೆಯಲ್ಲಿ ಅವನ ಹುಟ್ಟುಹಬ್ಬ ಯಾರಿಗೂ ನೆನಪಿಲ್ಲ. ಹನ್ನೊಂದು ತುಂಬುವ ಹೊತ್ತಿಗೆ ಅವನ ಹೆಸರಿಗೆ ಒಂದು ಓಲೆ ಬರುತ್ತದೆ. ವಿಳಾಸದಲ್ಲಿ ಊರು, ಬೀದಿ, ಮನೆಯ ಸಂಖ್ಯೆಗಳಷ್ಟೇ ಅಲ್ಲ, ಆ ಮೆಟ್ಟಿಲ ಕೆಳಗಿನ ಗೂಡೂ ನಮೂದಾಗಿದೆ. ಅಂದರೆ ಈ ಮಗು ಎಲ್ಲಿ ಮಲಗುತ್ತದೆ ಎಂಬುದು ಕಳುಹಿಸಿದವರಿಗೆ ಗೊತ್ತು. ದೊಡ್ಡಪ್ಪ ಅದನ್ನು ಕಸಿದುಕೊಳ್ಳುತ್ತಾನೆ, ಸುಡುತ್ತಾನೆ, ಮನೆಮಂದಿಯನ್ನು ಕಟ್ಟಿಕೊಂಡು ಸಮುದ್ರದ ನಡುವಿನ ಬಂಡೆಯ ಗುಡಿಸಲಿಗೆ ಓಡುತ್ತಾನೆ. ಓಲೆ ಅಲ್ಲಿಗೂ ಬರುತ್ತದೆ. ಕೊನೆಗೆ ಅದನ್ನು ಕೈಯಲ್ಲಿ ಹಿಡಿದು ಹ್ಯಾಗ್ರಿಡ್ ಎಂಬ ದೈತ್ಯದೇಹದವನೇ ಬಾಗಿಲು ಮುರಿದು ಬರುತ್ತಾನೆ. ಈ ಪ್ರಸಂಗವನ್ನು ಓದುವಾಗ ನಮ್ಮ ಮೊಮ್ಮಗಳ ದನಿ ಏರುತ್ತಿತ್ತು. ಮಂತ್ರಗಳ ಭಾಗ ಬಂದಾಗ ಹಾಗೆ ಏರಿದ್ದನ್ನು ನಾವು ಕೇಳಲಿಲ್ಲ.

ನಿನ್ನನ್ನು ನಾವು ಬಲ್ಲೆವು, ನಿನಗೊಂದು ಸ್ಥಾನ ಕಾದಿದೆ, ಬಾ ಎಂದು ಹೆಸರು ಹಿಡಿದು ಕರೆಯುವ ಒಂದು ಶಾಲೆ: ಇದೇ ಈ ಪ್ರಕಾರದ ಮೂಲಮಂತ್ರ. ಲೆ ಗ್ವಿನ್ ಅವರ ಕಥೆಯಲ್ಲಿಯೂ ಹೆಸರಿಗೆ ಇದೇ ಮಹತ್ವ. ತಾಯಿಯಿಲ್ಲದ, ಆಡು ಕಾಯುವ ಹಳ್ಳಿಹುಡುಗ ಗೆಡ್ ರೋಕ್ ವಿದ್ಯಾಲಯದ ಬಾಗಿಲಿಗೆ ಬಂದಾಗ ಕಾಲೆತ್ತಿ ಒಳಗಿಟ್ಟರೂ ಹೊರಗೇ ಇರುತ್ತಾನೆ. ತನ್ನ ನಿಜನಾಮವನ್ನು ತಾನೇ ನುಡಿದಾಗ ಮಾತ್ರ ಒಳಗೆ ಪ್ರವೇಶ. ಮುಂದೆ ಗರ್ವದಿಂದ ಅವನು ಒಂದು ನೆರಳನ್ನು ಲೋಕಕ್ಕೆ ಬಿಡುತ್ತಾನೆ; ದ್ವೀಪದಿಂದ ದ್ವೀಪಕ್ಕೆ ಅದು ಅವನನ್ನು ಅಟ್ಟುತ್ತದೆ. ಕಡೆಗೆ ಆ ನೆರಳನ್ನು ಅವನು ಗೆಲ್ಲುವುದು ಆಯುಧದಿಂದಲ್ಲ, ಅದನ್ನು ತನ್ನ ಹೆಸರಿನಿಂದಲೇ ಕರೆದು. ರೌಲಿಂಗರಲ್ಲಿ ಮಗುವಿನ ಹೆಸರನ್ನು ಶಾಲೆ ಬಲ್ಲುದು. ಲೆ ಗ್ವಿನ್‌ರಲ್ಲಿ ತನ್ನ ಹೆಸರನ್ನು ಮಗುವೇ ತಿಳಿಯಬೇಕು. ಸಾಹಿತ್ಯದ ದೃಷ್ಟಿಯಿಂದ ಎರಡನೆಯದೇ ಹೆಚ್ಚು ಆಳವಾದುದು ಎಂಬುದು ನಮ್ಮ ಅಭಿಪ್ರಾಯ. ಆದರೆ ಹತ್ತು ಹನ್ನೊಂದರ ಮಗುವಿಗೆ ಮೊದಲು ಬೇಕಾಗುವುದು ಮೊದಲನೆಯದೇ.

ಇದು ಪರದೇಶದ ಸರಕೆಂದು ಹಿಂಜರಿಯುವವರಿಗೆ ಒಂದು ಮಾತು. ನಾವು ಮಕ್ಕಳಾಗಿದ್ದಾಗ ಬೆಳಗಿನ ಜಾವದ ವರೆಗೆ ಯಕ್ಷಗಾನದ ಬಯಲಾಟದಲ್ಲಿ ನೋಡಿದ ಚಂದ್ರಹಾಸನ ಕಥೆಯನ್ನು ನೆನೆಯಿರಿ. ಲಕ್ಷ್ಮೀಶನ ಜೈಮಿನಿ ಭಾರತದ ಆ ಕಥೆಯಲ್ಲಿ ಕೇರಳದ ಅರಸನ ಮಗು ಅನಾಥನಾಗಿ ದಾದಿಯ ಕೈಯಲ್ಲಿ ಕುಂತಳಕ್ಕೆ ಬಂದು ಬೆಳೆಯುತ್ತದೆ. ಅವನ ಎಡಗಾಲಿನಲ್ಲಿ ಆರನೆಯ ಬೆರಳು; ಹ್ಯಾರಿಯ ಹಣೆಯಲ್ಲಿ ಮಿಂಚಿನಾಕಾರದ ಗಾಯದ ಗುರುತು. ಅಲ್ಲಿಯೂ ಕೊಲ್ಲಲು ಹವಣಿಸುವ ಬಲಿಷ್ಠನಿದ್ದಾನೆ, ಅಲ್ಲಿಯೂ ಬದುಕನ್ನು ತಿರುಗಿಸುವ ಓಲೆಯಿದೆ. ‘ವಿಷ’ ಎಂಬುದು ‘ವಿಷಯೆ’ ಆಗುವ ಒಂದಕ್ಷರದ ತಿದ್ದುಪಡಿಯಿಂದ ಸಾವು ಮದುವೆಯಾಗುತ್ತದೆ. ಇನ್ನು ಏಳು ಸಮುದ್ರದಾಚೆಯ ಗಿಳಿಯಲ್ಲಿ ಪ್ರಾಣವನ್ನು ಬಚ್ಚಿಟ್ಟ ರಾಕ್ಷಸನನ್ನು ನಮ್ಮ ಅಜ್ಜಿಯರೆಲ್ಲ ಬಲ್ಲರು. ರೌಲಿಂಗರ ಖಳನಾಯಕ ವೋಲ್ಡೆಮಾರ್ಟ್ ತನ್ನ ಪ್ರಾಣವನ್ನು ತುಂಡುತುಂಡು ಮಾಡಿ ಉಂಗುರ, ಬಟ್ಟಲು, ಪದಕ, ಹಾವುಗಳಲ್ಲಿ ಬಚ್ಚಿಟ್ಟಿದ್ದಾನೆಂದು ಆರನೆಯ ಸಂಪುಟದಲ್ಲಿ ತಿಳಿದಾಗ ಮೊಮ್ಮಗಳು ಬೆರಗಾದಳು. ನಮಗೆ ಬೆರಗಾಗಲಿಲ್ಲ, ಗಿಳಿಯ ಕಥೆಯನ್ನು ಅವಳಿಗೆ ಹೇಳಿದೆವು. “ಇದನ್ನು ಮೊದಲೇ ಯಾಕೆ ಹೇಳಲಿಲ್ಲ, ಅಜ್ಜ?” ಎಂದು ಕೇಳಿದಳು. ನಿಜವಾಗಿ ನಾವು ಹೇಳಿರಲಿಲ್ಲ.

ಇನ್ನೊಂದು ಆಕ್ಷೇಪವಿದೆ: ಇವು ಮೂಢನಂಬಿಕೆಯನ್ನು ಬಿತ್ತುತ್ತವೆ ಎಂಬುದು. ಓದಿದವರು ಹಾಗೆ ಹೇಳಲಾರರು. ಹಾಗ್ವರ್ಟ್ಸ್ ಶಾಲೆಯಲ್ಲಿ ವರವಾಗಿ ದೊರೆಯುವುದು ಬಹಳ ಕಡಿಮೆ. ಅಲ್ಲಿ ವೇಳಾಪಟ್ಟಿಯಿದೆ, ಮನೆಗೆಲಸವಿದೆ, ವರ್ಷಾಂತ್ಯದ ಪರೀಕ್ಷೆಯಿದೆ. ಒಂದು ಗರಿಯನ್ನು ಗಾಳಿಯಲ್ಲಿ ಎತ್ತುವ ಪಾಠದಲ್ಲಿ ರಾನ್ ಎಂಬ ಹುಡುಗ ಕೈ ಬೀಸಿ ಬೀಸಿ ಸೋಲುತ್ತಾನೆ. ಹರ್ಮಾಯನಿ ಅವನ ಉಚ್ಚಾರಣೆಯನ್ನು ತಿದ್ದುತ್ತಾಳೆ. ಎಳೆಯಬೇಕಾದ ಅಕ್ಷರವನ್ನು ಎಳೆದಾಗಲೇ ಗರಿ ಮೇಲೇಳುತ್ತದೆ. ಶಕಾರ ಷಕಾರಗಳನ್ನೂ ಅಲ್ಪಪ್ರಾಣ ಮಹಾಪ್ರಾಣಗಳನ್ನೂ ತಿದ್ದುತ್ತ ಆಯುಷ್ಯ ಕಳೆದ ನಮ್ಮಂಥವರಿಗೆ ಇದಕ್ಕಿಂತ ಪ್ರಿಯವಾದ ದೃಶ್ಯ ಬೇರೆ ಬೇಕೆ? ಹರ್ಮಾಯನಿಯ ತಂದೆ ತಾಯಿ ಹಲ್ಲಿನ ವೈದ್ಯರು. ಮಂತ್ರವಿದ್ಯೆ ಅವಳ ಮನೆತನದ್ದಲ್ಲ. ಹುಟ್ಟಿನ ಹೆಸರಿನಲ್ಲಿ ಅವಳನ್ನು ಹೀನವಾಗಿ ಬೈಯುವವರಿದ್ದಾರೆ. ಅವಳು ಅವರಿಗಿಂತ ಮುಂದೆ ಹೋಗುವುದು ಗ್ರಂಥಾಲಯದ ದಾರಿಯಿಂದ. ಇದು ಮೂಢನಂಬಿಕೆಗೆ ವಿರುದ್ಧವಾದ ಪಾಠ.

ಆದರೆ ಅಧ್ಯಾಪಕರಾದವರು ಈ ಪುಸ್ತಕಗಳನ್ನು ಓದಬೇಕಾದುದು ಮುಖ್ಯವಾಗಿ ಬೇರೊಂದು ಕಾರಣಕ್ಕೆ. ಇಲ್ಲಿ ಮಕ್ಕಳು ನಮ್ಮನ್ನು ಹೇಗೆ ನೋಡುತ್ತಾರೆ ಎಂಬುದು ಬರೆದಿದೆ. ಮೂರನೆಯ ಸಂಪುಟದಲ್ಲಿ ಒಂದು ಪಾಠವಿದೆ. ಕಪಾಟಿನೊಳಗೆ ಒಂದು ಮಾಯಾವಿ. ಎದುರಿಗೆ ನಿಂತವರು ಅತ್ಯಂತ ಹೆದರುವುದು ಯಾವುದಕ್ಕೋ ಅದು ಆ ರೂಪವನ್ನು ತಾಳುತ್ತದೆ. ನೆವಿಲ್ ಎಂಬ ಮರೆಗುಳಿ ಹುಡುಗನ ಸರದಿ ಮೊದಲು. ಅವನ ತಂದೆ ತಾಯಿಯನ್ನು ದುಷ್ಟರು ಹಿಂಸಿಸಿ ಬುದ್ಧಿಭ್ರಮಣೆಯಾಗುವಂತೆ ಮಾಡಿದ್ದಾರೆಂದು ಮುಂದಿನ ಸಂಪುಟಗಳಲ್ಲಿ ನಮಗೆ ತಿಳಿಯುತ್ತದೆ. ಅಂಥ ಮಗುವಿನ ಎದುರು ಕಪಾಟು ತೆರೆದಾಗ ಹೊರಬರುವುದು ಆ ದುಷ್ಟರ ರೂಪವಲ್ಲ. ತರಗತಿಯಲ್ಲಿ ಅವನನ್ನು ದಿನವೂ ಹಂಗಿಸುವ ಅಧ್ಯಾಪಕ ಸ್ನೇಪ್‌ನ ರೂಪ. ಮೊಮ್ಮಗಳು ಇದನ್ನು ಓದಿ ನಕ್ಕಳು, ಏಕೆಂದರೆ ಅಲ್ಲಿ ಆ ಅಧ್ಯಾಪಕನಿಗೆ ಅಜ್ಜಿಯ ಉಡುಪು ತೊಡಿಸಿ ನಗಿಸಲಾಗುತ್ತದೆ. ನಮಗೆ ನಗು ಬರಲಿಲ್ಲ. ನಮ್ಮ ಕಾಲದ ಬೆತ್ತಗಳು, ಬೆಂಚಿನ ಮೇಲೆ ನಿಲ್ಲಿಸಿದ ಮಕ್ಕಳು, ಅವರಲ್ಲಿ ಕೆಲವರ ಮುಖ ನೆನಪಾಯಿತು. ಆ ಪಾಠವನ್ನು ನಡೆಸುವ ಲೂಪಿನ್ ಎಂಬ ಬಡ ಅಧ್ಯಾಪಕ ಅತ್ಯಂತ ಅಂಜುಕುಳಿ ಮಗುವಿಗೇ ಮೊದಲ ಅವಕಾಶ ಕೊಟ್ಟ ಎಂಬುದನ್ನು ಯುವ ಅಧ್ಯಾಪಕರು ಗಮನಿಸಲಿ. ಐದನೆಯ ಸಂಪುಟದ ಅಂಬ್ರಿಜ್ ಎಂಬ ಮಹಿಳೆ ಇದಕ್ಕೆ ವಿರುದ್ಧ. ಸರಕಾರ ನೇಮಿಸಿದ ಆಕೆ ಪರೀಕ್ಷೆಗೆ ಬೇಕಾದ ಸಿದ್ಧಾಂತವಷ್ಟೇ ಸಾಕು, ಮಾಡಿ ಕಲಿಯುವುದು ಬೇಡ ಎನ್ನುತ್ತಾಳೆ. ಆಗ ಮಕ್ಕಳು ಗುಟ್ಟಾಗಿ ಸೇರಿ ಒಬ್ಬರಿಗೊಬ್ಬರು ಕಲಿಸಿಕೊಳ್ಳುತ್ತಾರೆ. ಇಡೀ ಸರಣಿಯಲ್ಲಿ ಶಿಕ್ಷಣವೆಂದರೇನು ಎಂಬುದನ್ನು ಅತ್ಯಂತ ಚೆನ್ನಾಗಿ ಹೇಳುವ ಅಧ್ಯಾಯಗಳು ಇವು.

ದೋಷಗಳಿಲ್ಲವೆ? ಇವೆ. ನಾಲ್ಕನೆಯ ಸಂಪುಟದಿಂದ ಮುಂದೆ ಪುಸ್ತಕಗಳು ದಪ್ಪವಾಗುತ್ತ ಹೋಗುತ್ತವೆ. ಕಥೆಯ ಓಟ ಅಲ್ಲಲ್ಲಿ ಕುಂಟುತ್ತದೆ. ಹನ್ನೊಂದು ವರ್ಷದ ಮಗುವಿನ ತಲೆಯ ಮೇಲೆ ಟೊಪ್ಪಿಯನ್ನಿಟ್ಟು ಧೈರ್ಯಶಾಲಿ, ಬುದ್ಧಿವಂತ, ಶ್ರಮಜೀವಿ, ಮಹತ್ವಾಕಾಂಕ್ಷಿ ಎಂದು ನಾಲ್ಕು ಪಂಗಡಗಳಾಗಿ ವಿಂಗಡಿಸುವ ಪದ್ಧತಿ ಯಾವ ಅಧ್ಯಾಪಕನಿಗೂ ಒಪ್ಪಿಗೆಯಾಗದು. ಆ ಟೊಪ್ಪಿ ಹ್ಯಾರಿಯ ಇಷ್ಟವನ್ನು ಮನ್ನಿಸುತ್ತದೆ ಎಂಬುದು ಸಮಾಧಾನ. ಆದರೆ ಒಂದು ಪಂಗಡದ ಮಕ್ಕಳೆಲ್ಲ ಬಹುಮಟ್ಟಿಗೆ ಕೆಟ್ಟವರು ಎಂಬಂತೆ ಚಿತ್ರಿಸಿರುವುದು ಸಮಾಧಾನದ ಸಂಗತಿಯಲ್ಲ. ಲೆ ಗ್ವಿನ್‌ರ ರೋಕ್ ವಿದ್ಯಾಲಯದಲ್ಲಿ ಹುಡುಗಿಯರಿಗೆ ಪ್ರವೇಶವೇ ಇಲ್ಲ. ಈ ಕೊರತೆಯನ್ನು ಮುಂದೆ ಆ ಲೇಖಕಿಯೇ ಮನಗಂಡು, 1990ರ ‘ತೆಹಾನು’ ಮತ್ತು ನಂತರದ ಕೃತಿಗಳಲ್ಲಿ ತಾವೇ ಕಟ್ಟಿದ ಲೋಕವನ್ನು ಪ್ರಶ್ನೆಗೆ ಒಡ್ಡಿದರು. ಅದು ದೊಡ್ಡ ಲೇಖಕರ ಲಕ್ಷಣ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಈ ಪ್ರಕಾರದ ಮೂಲದಲ್ಲೇ ಇದೆ. ಕೆಲವರಿಗೆ ಓಲೆ ಬರುತ್ತದೆ ಎಂದಮೇಲೆ ಕೆಲವರಿಗೆ ಬರುವುದಿಲ್ಲ ಎಂದಾಯಿತು. ಅವರ ಗತಿ ಏನು? ಹಾಗ್ವರ್ಟ್ಸಿನ ಜವಾನ ಫಿಲ್ಚ್ ಮಕ್ಕಳನ್ನು ಬೆನ್ನಟ್ಟಿ ದಂಡಿಸುವ ಸಿಡುಕು ಮುದುಕ. ಎರಡನೆಯ ಸಂಪುಟದಲ್ಲಿ ಹ್ಯಾರಿಯ ಕಣ್ಣಿಗೆ ಅವನ ಮೇಜಿನ ಮೇಲಿನ ಒಂದು ಕಾಗದ ಬೀಳುತ್ತದೆ. ಅಂಚೆಯ ಮೂಲಕ ಮಂತ್ರ ಕಲಿಸುವ ತರಬೇತಿಯೊಂದರ ಕಾಗದ. ಮಾಂತ್ರಿಕರ ಮನೆಯಲ್ಲಿ ಹುಟ್ಟಿಯೂ ಮಂತ್ರಶಕ್ತಿಯಿಲ್ಲದ ಅವನು, ತನಗೆ ಒಲಿಯದ ವಿದ್ಯೆಯನ್ನು ಕಲಿಯುವ ಮಕ್ಕಳ ನಡುವೆ ನೆಲ ಒರೆಸುತ್ತ, ಮುಪ್ಪಿನಲ್ಲೂ ಗುಟ್ಟಾಗಿ ಕಲಿಯಲು ಯತ್ನಿಸುತ್ತಿದ್ದಾನೆ. ಏಳನೆಯ ಸಂಪುಟದಲ್ಲಿ ಇದಕ್ಕಿಂತ ತೀಕ್ಷ್ಣವಾದ ಸಂಗತಿಯಿದೆ. ಹ್ಯಾರಿಯನ್ನು ಗೂಡಿನಲ್ಲಿ ಮಲಗಿಸಿದ ದೊಡ್ಡಮ್ಮ ಪೆಟೂನಿಯಾ ಹುಡುಗಿಯಾಗಿದ್ದಾಗ ತಂಗಿಗೆ ಓಲೆ ಬಂತು, ಅವಳಿಗೆ ಬರಲಿಲ್ಲ. ನನ್ನನ್ನೂ ಸೇರಿಸಿಕೊಳ್ಳಿ ಎಂದು ಅವಳು ಮುಖ್ಯೋಪಾಧ್ಯಾಯ ಡಂಬಲ್‌ಡೋರ್‌ಗೆ ಪತ್ರ ಬರೆದಿದ್ದಳು. ಅವರು ಮೃದುವಾದ ಮಾತಿನಲ್ಲಿಯೇ ಇಲ್ಲವೆಂದರು. ಆ ನೋವು ಹುಳಿಯಾಗಿ, ತಂಗಿಯ ಮೇಲಿನ ದ್ವೇಷವಾಗಿ, ಕಡೆಗೆ ಮೆಟ್ಟಿಲ ಕೆಳಗಿನ ಗೂಡಾಯಿತು. ಏಳು ಸಂಪುಟಗಳ ಈ ಮಹಾಕಥೆಯ ಒಂದು ಬೇರು ಕರೆ ಬಾರದ ಒಬ್ಬ ಹುಡುಗಿಯ ಕಣ್ಣೀರಿನಲ್ಲಿದೆ. ಲೇಖಕಿ ಇದನ್ನು ಕಂಡಿದ್ದಾರೆ. ಆದರೆ ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅವಳಿಗಾಗಿ ಬೇರೆ ಬಾಗಿಲು ತೆರೆಯುವುದಿಲ್ಲ.

ಈ ಮಗು ಸಾಹಿತ್ಯಕ್ಕೆ ಹೊಸದಲ್ಲ. ಕುವೆಂಪು ಅವರು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಾಗಿ ಕನ್ನಡಕ್ಕೆ ತಂದ ಕಥೆಯ ಇಂಗ್ಲಿಷ್ ಮೂಲದಲ್ಲಿ, ಬ್ರೌನಿಂಗ್ ಕವಿಯ ಪದ್ಯದಲ್ಲಿ, ಜೋಗಿಯ ಹಿಂದೆ ಎಲ್ಲ ಮಕ್ಕಳೂ ಬೆಟ್ಟದೊಳಗೆ ಹೋದ ಮೇಲೆ ಕುಂಟನಾದ ಒಬ್ಬ ಹುಡುಗ ಮಾತ್ರ ಹೊರಗೆ ಉಳಿಯುತ್ತಾನೆ. ನಮ್ಮ ಮಹಾಭಾರತದಲ್ಲಿ ಏಕಲವ್ಯನಿದ್ದಾನೆ. ಗುರು ಕರೆಯಲಿಲ್ಲ, ಬಂದಾಗ ಸೇರಿಸಿಕೊಳ್ಳಲಿಲ್ಲ. ತಾನೇ ಕಲಿತಾಗ ಹೆಬ್ಬೆರಳನ್ನು ಕೇಳಿದ. ಕುವೆಂಪು ಅವರೇ ‘ಬೆರಳ್‌ಗೆ ಕೊರಳ್’ ನಾಟಕದಲ್ಲಿ ಆ ಅನ್ಯಾಯವನ್ನು ಮರಳಿ ನಮ್ಮ ಮುಂದೆ ನಿಲ್ಲಿಸಿದರು. ಮಾಂತ್ರಿಕ ಶಾಲೆಯ ಕಥೆಗಳ ಸೊಬಗು ಕರೆ ಬಂದ ಮಗುವಿನ ಆನಂದದಲ್ಲಿದೆ. ಅವುಗಳ ಸತ್ಯ ಕರೆ ಬಾರದ ಮಗುವಿನ ಮೌನದಲ್ಲಿದೆ. ಓದುವ ಮಗು ತನ್ನನ್ನು ಹ್ಯಾರಿಯೆಂದೇ ಭಾವಿಸುತ್ತದೆ, ಅದು ಸಹಜ. ಪಕ್ಕದಲ್ಲಿ ಕುಳಿತ ಹಿರಿಯರು ಪೆಟೂನಿಯಾಳನ್ನು ತೋರಿಸಬೇಕು.

ಈ ಮಾತನ್ನು ನಮ್ಮ ನೆಲದಲ್ಲಿ ನಿಂತು ಹೇಳುವಾಗ ಇನ್ನೊಂದು ನೆನಪು ಕಾಡುತ್ತದೆ. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ದುಡಿದವರಿಗೆಲ್ಲ ಇದು ಗೊತ್ತು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಅಧ್ಯಾಪಕರು ಇಬ್ಬಿಬ್ಬರಾಗಿ ಮನೆಮನೆಗೆ ಹೋಗುವುದಿತ್ತು. ಅಡಿಕೆ ತೋಟ ದಾಟಿ, ಸಂಕ ದಾಟಿ, ಒಂದನೆಯ ತರಗತಿಗೆ ಸೇರುವ ಪ್ರಾಯದ ಮಗುವಿದೆಯೇ ಎಂದು ವಿಚಾರಿಸುವುದು, ಕನ್ನಡ ಶಾಲೆಗೇ ಕಳುಹಿಸಿರೆಂದು ಬೇಡಿಕೊಳ್ಳುವುದು. ಜೂನ್ ತಿಂಗಳಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ತಲೆಯೆಣಿಕೆ. ಸಂಖ್ಯೆ ಸಾಲದಿದ್ದರೆ ಡಿವಿಜನ್ ಫಾಲ್. ಒಬ್ಬ ಅಧ್ಯಾಪಕ ಹುದ್ದೆ ಕಳೆದುಕೊಳ್ಳಬೇಕು. ಹಾಗಾಗಿ ಆ ಮನೆಗಳಲ್ಲಿ ನಾವು ಹೆಚ್ಚಾಗಿ ಎಣಿಸಿದುದು ತಲೆಗಳನ್ನು. ಮಗುವಿನ ಹೆಸರನ್ನು ಕೇಳಿ ಪುಸ್ತಕದಲ್ಲಿ ಬರೆದುಕೊಂಡೆವು ನಿಜ. ಅದು ಎಲ್ಲಿ ಮಲಗುತ್ತದೆ, ಯಾವುದಕ್ಕೆ ಹೆದರುತ್ತದೆ, ಯಾವ ಕಥೆಯನ್ನು ಕೇಳಿ ನಗುತ್ತದೆ ಎಂದು ಕೇಳಿದವರಲ್ಲ. ಕನ್ನಡದ ಉಳಿವಿಗಾಗಿ ಮಗು ಬೇಕು ಎಂದು ನಾವು ಹೇಳಿದೆವು. ಆ ಮಗುವಿಗಾಗಿ ಕನ್ನಡ ಬೇಕು ಎಂಬುದನ್ನು ಅದಕ್ಕೆ ತಿಳಿಯುವಂತೆ ಹೇಳಲಿಲ್ಲ. ಕರೆಯಲ್ಲಿ ಮಗು ಮುಖ್ಯವೋ ಸಂಖ್ಯೆ ಮುಖ್ಯವೋ ಎಂಬುದು ಮಕ್ಕಳಿಗೆ ಬೇಗ ತಿಳಿಯುತ್ತದೆ. ಇದು ಯಾರನ್ನೋ ದೂಷಿಸಲು ಬರೆದುದಲ್ಲ, ನಮ್ಮನ್ನೇ ಕುರಿತು ಬರೆದುದು.

ಗಡಿನಾಡಿನ ಮಗು ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಕೊಂಕಣಿಯನ್ನೋ ಆಡುತ್ತದೆ, ಬಸ್ಸಿನಲ್ಲಿ ಮಲಯಾಳವನ್ನು ಕೇಳುತ್ತದೆ, ಶಾಲೆಯಲ್ಲಿ ಪುಸ್ತಕದ ಕನ್ನಡವನ್ನೋ ಇಂಗ್ಲಿಷನ್ನೋ ಓದುತ್ತದೆ. ಒಂದು ಲೋಕದಿಂದ ಇನ್ನೊಂದಕ್ಕೆ ದಿನವೂ ದಾಟುವುದು ಅದಕ್ಕೆ ಅಭ್ಯಾಸ. ಲಂಡನ್ನಿನ ರೈಲು ನಿಲ್ದಾಣದಲ್ಲಿ ಒಂಬತ್ತು ಹತ್ತನೆಯ ಪ್ಲಾಟ್‌ಫಾರ್ಮುಗಳ ನಡುವಿನ ಗೋಡೆಯೊಳಕ್ಕೆ ಮಕ್ಕಳು ನುಗ್ಗಿ ಹೋಗುವ ದೃಶ್ಯ ನಮ್ಮ ಮಕ್ಕಳಿಗೆ ಇಷ್ಟವಾಗುವುದರಲ್ಲಿ ಆಶ್ಚರ್ಯವಿಲ್ಲ. ಅವರು ಆ ಪುಸ್ತಕಗಳನ್ನು ಯಾವ ಭಾಷೆಯಲ್ಲಿ ಬೇಕಾದರೂ ಓದಲಿ. ಓದಿದುದನ್ನು ಅಜ್ಜ ಅಜ್ಜಿಯರಿಗೆ ಕನ್ನಡದಲ್ಲಿ ಹೇಳಲಿ. ಅದಕ್ಕೆ ಪ್ರತಿಯಾಗಿ ಚಂದ್ರಹಾಸನನ್ನೂ ಗಿಳಿಯ ಪ್ರಾಣದ ರಾಕ್ಷಸನನ್ನೂ ನಾವು ಅವರಿಗೆ ಕೊಡೋಣ. ಬರುವ ಬೇಸಗೆ ರಜೆಯಲ್ಲಿ ಸಂಘವು ವಾರಕ್ಕೊಂದು ಸಂಜೆ ಇಂತಹ ಕಥೆ ಹೇಳುವ ಕೂಟವನ್ನು ನಡೆಸುವುದಾದರೆ, ಕಣ್ಣು ಮಂಜಾಗಿದ್ದರೂ ನಾಲಗೆ ಇನ್ನೂ ಚುರುಕಾಗಿರುವ ನಾವು ಬರಲು ಸಿದ್ಧ. ನಮ್ಮ ತರುಣ ಲೇಖಕರು ಈ ಮಣ್ಣಿನ ಶಾಲೆಯೊಂದನ್ನು, ಅದರ ಜೂನ್ ತಿಂಗಳ ಮಳೆಯನ್ನು, ಅದರ ಹಿಂದಿನ ಬೆಂಚನ್ನು ಕಥೆಯಾಗಿಸಿದರೆ ಇನ್ನೂ ಸಂತೋಷ. ಆ ಕಥೆಯಲ್ಲಿ ಓಲೆ ಎಲ್ಲರಿಗೂ ಬರಲಿ ಎಂಬುದಷ್ಟೇ ನಮ್ಮ ಬೇಡಿಕೆ.

ಕಪಾಟಿನಲ್ಲಿ ಪುಸ್ತಕವನ್ನು ಬಿಟ್ಟುಕೊಡಬೇಕಾಗಿ ಬಂದ ಆ ಹುಡುಗ ಈಗ ಮೂವತ್ತು ದಾಟಿದ ಗೃಹಸ್ಥನಾಗಿರಬೇಕು. ಎಲ್ಲಿದ್ದಾನೋ ತಿಳಿಯದು. ಸಂಘದ ಈ ಸಂಚಿಕೆ ಹೇಗಾದರೂ ಅವನ ಕೈ ಸೇರಿದರೆ, ಅವನು ಅಂದು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ: ಓದಿದೆವು ಮಗು, ತಡವಾಯಿತು.